ಹೇರೆತ್ತು ನಡೆದ ಕಾವಲು

ಮರಳುಗಾಡು ದಾಟಿದ ಬಿಳಿಯರ ಪ್ರವಾಸಕಥೆಗಳನ್ನು ನಾವು ಓದಿದ್ದೇವೆ. ಒಂಟೆ, ಡೇರೆ, ಅಲೆಮಾರಿಯ ಆತಿಥ್ಯ ಎಲ್ಲಾ ಅದರಲ್ಲುಂಟು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮಗೆ ಮರಳುಗಾಡಿಲ್ಲ, ಕಾವಲಿದೆ. ಬೇಸಿಗೆ ಬಿಸಿಲಲ್ಲಿ ಬೀರೂರಿನಿಂದ ಅಜ್ಜಂಪುರದ ಕಡೆಗೆ ನಡೆದು ನೋಡಿ. ಒಣಹುಲ್ಲು, ಜಾಲಿ, ಕಾದ ಕಲ್ಲು. ಇಂಥ ಬಯಲನ್ನು ತಲೆಮಾರುಗಟ್ಟಲೆ ದಾಟಿದವರು ಪುಸ್ತಕ ಬರೆಯಲಿಲ್ಲ. ಅವರ ಬಗ್ಗೆ ಬರೆದವರು ಬೇರೆಯವರು. ನಮ್ಮ ತಕರಾರು ಇರೋದೇ ಅಲ್ಲಿ.

ಲಂಬಾಣಿಗಳು, ಕೊರಚರು ಎತ್ತಿನ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಂಟು ಹಾಕಿದ್ದವರು. ಗಾಡಿ ಹೋಗದ ದಾರಿಯಲ್ಲಿ ಹೇರೆತ್ತು ಹೋಗುತ್ತಿತ್ತು. ಊರಿನ ಸಾರಿಗೆ ಉಪ್ಪು ಬಿದ್ದದ್ದು ಇವರ ಕಾಲ್ನಡಿಗೆಯಿಂದ. 1791-92ರಲ್ಲಿ ಕಾರ್ನವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಅವನ ಸೈನ್ಯಕ್ಕೆ ಕಾಳು ಒದಗಿಸಿದ್ದೂ ಇದೇ ಹೇರೆತ್ತಿನ ತಾಂಡಗಳು. ಟಿಪ್ಪುವಿನ ದಂಡಿಗೂ ಇಂಥವರೇ ಬೇಕಿತ್ತು. ರಾಜರು ಯಾರಾದರೇನು, ಹೊಟ್ಟೆ ಒಂದೇ ತಾನೆ.

ಮುಂದೇನಾಯ್ತು? ಮೈಸೂರು ಸೀಮೆಯಲ್ಲೇ ವರ್ಷಗಟ್ಟಲೆ ಇದ್ದ ಪಾದ್ರಿ ಅಬ್ಬೆ ದುಬುವಾ ಎಂಬಾತನ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಲಂಬಾಣಿಗಳು ಕಳ್ಳರು, ಕ್ರೂರಿಗಳು. ನರಬಲಿಯ ಆಪಾದನೆಯೂ ಅವರ ತಲೆಗೆ. ಕಂಪನಿಯ ದಂಡು ಇವರ ಕಾಳು ತಿಂದು ಕಾಲು ಶತಮಾನವಷ್ಟೇ ಆಗಿತ್ತು!

ಅದೇ ಕಾಲದಲ್ಲಿ ಕಾವಲುಗಳಲ್ಲಿ ಇನ್ನೊಂದು ಅಲೆದಾಟ ನಡೆದಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಟಿಪ್ಪು ಮಡಿದ ಮೇಲೆ ದನಗಳು ಕಂಪನಿ ಸೈನ್ಯದ ಪಾಲಾದವು, ಫಿರಂಗಿ ಎಳೆದವು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಅಂತ ಅವಕ್ಕೆ ಸರ್ಕಾರವೇ ಹುಲ್ಲುಗಾವಲು ಮೀಸಲಿಟ್ಟಿತ್ತು. ಋತು ನೋಡಿ ಜಾಗ ಬದಲಿಸುವುದು ಜಾಣತನ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ಆದರೆ ದನದ ವಿಷಯದಲ್ಲಿ ಮಾತ್ರ. ಮನುಷ್ಯ ಅದನ್ನೇ ಮಾಡಿದರೆ? ಪೊಲೀಸು.

1889ರಲ್ಲಿ ರೈಲು ಕಡೂರು, ಬೀರೂರು, ಅಜ್ಜಂಪುರದ ಮೇಲೆ ಹರಿಹರ ಮುಟ್ಟಿತು. 1899ಕ್ಕೆ ಬೀರೂರಿನಿಂದ ತರೀಕೆರೆ ಹಾದು ಶಿವಮೊಗ್ಗಕ್ಕೆ ಹೋಯಿತು. ಉಪ್ಪು ವ್ಯಾಗನ್ನು ಹತ್ತಿತು. ಹೇರೆತ್ತಿನವನ ಕಸುಬು ಅವನ ಕಣ್ಣೆದುರಿಗೇ ಹಳಿಯ ಮೇಲೆ ಓಡಿಹೋಯಿತು. ಕೂಲಿ, ಸೌದೆ, ಅಡಿಕೆ ತೋಟ, ಕಾಫಿ ತೋಟ, ಇಷ್ಟೇ ಉಳಿದದ್ದು. ರೈಲು ಬಂದದ್ದನ್ನು ನಾಡಿನ ಪ್ರಗತಿ ಎಂದು ಬರೆದ ಚರಿತ್ರೆಕಾರರು ಈ ಲೆಕ್ಕವನ್ನು ಯಾವ ಕಾಲಮ್ಮಿಗೆ ಹಾಕಿದರೋ!

ಕಸುಬು ಕಳಕೊಂಡವನನ್ನು ಕಾನೂನು ಹಿಡಿಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮೊದಲು ಉತ್ತರದಲ್ಲಿತ್ತು, 1911ರ ಮೇಲೆ ದಕ್ಷಿಣದ ಪ್ರಾಂತಗಳಿಗೂ ಬಂತು. ಹುಟ್ಟಿದ ಮಗುವೂ ಅಪರಾಧಿಯೇ. ಹಾಜರಿ ಕೊಡಬೇಕು, ಊರು ಬಿಡಲು ಪಾಸು ಬೇಕು. ಹುಬ್ಬಳ್ಳಿಯಲ್ಲಿ ಇಂಥವರನ್ನು ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು.

ತರೀಕೆರೆ ಕಡೆಯ ತಾಂಡವೊಂದರಲ್ಲಿ ಮುದುಕಿಯೊಬ್ಬಳನ್ನು ನಾವು ಕೇಳಿದೆವು, 'ಯಾಡಿ, ನಿಮ್ಮೋರು ಎಲ್ಲಿಂದ ಬಂದ್ರು?' ಅಂತ. ಆಕೆ ನಕ್ಕಳು. 'ಎಲ್ಲಿಂದ ಬಂದ್ರು ಅಂತ ಎಲ್ರೂ ಕೇಳ್ತಾರೆ ತಮ್ಮಾ. ಎಲ್ಲಿರ್ಬೇಕು ಅಂತ ಯಾರೂ ಹೇಳಲ್ಲ' ಅಂದಳು.

ಆ ಕಾಯ್ದೆ 1952ರ ಆಗಸ್ಟ್ 31ಕ್ಕೆ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಬಿಡುಗಡೆಯಾದ ಬುಡಕಟ್ಟುಗಳನ್ನು ಹುಟ್ಟಾ ಅಪರಾಧಿಗಳಂತೆ ಕಾಣಬಾರದು ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರಿನಲ್ಲಿ. ಬಾಸೂರು ಕಾವಲಿನ ಕೃಷ್ಣಮೃಗಗಳಿಗೆ ಮಾತ್ರ 2011ರಲ್ಲೇ ಸಂರಕ್ಷಣಾ ಮೀಸಲು ಸಿಕ್ಕಿತ್ತು. ಸಿಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆ ಮುದುಕಿಯ ಗುಡಿಸಲು ನಿಂತ ಜಾಗಕ್ಕೆ ಹಕ್ಕುಪತ್ರ ಮಾತ್ರ ನಾವು ಹೋದಾಗಲೂ ಬಂದಿರಲಿಲ್ಲ.