ಅರಗಿನ ತಟ್ಟೆಯಲ್ಲಿ ಉಳಿದ ದನಿ

ಗ್ರಾಮಫೋನಿನ ಚರಿತ್ರೆ ಎಂದರೆ ದೊಡ್ಡ ಕಂಪನಿಗಳ, ಹೆಸರಾಂತ ಗಾಯಕರ ಚರಿತ್ರೆ ಎಂದೇ ನಾವು ತಿಳಿಯುತ್ತೇವೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ನಮ್ಮಲ್ಲಿ ಕಾರ್ಖಾನೆಯೇ ಇರಲಿಲ್ಲ. ದನಿ ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಿ ಮರಳಬೇಕಿತ್ತು. ಗುರುತು ತಪ್ಪದಿರಲೆಂದು ಆಕೆ ಹಾಡಿನ ಕೊನೆಗೆ ತನ್ನ ಹೆಸರು ಹೇಳುತ್ತಿದ್ದರು. ಸಿಯಾಲ್ದಾದ ಕಾರ್ಖಾನೆ ಬಂದದ್ದು 1908ರಲ್ಲಿ.

ಸಣ್ಣವರಿಗೆ ಬಾಗಿಲು ತೆರೆದದ್ದು ಆಮೇಲೆ. 1935ರಲ್ಲಿ ಮುಂಬಯಿಯಲ್ಲಿ ಶುರುವಾದ ‘ಯಂಗ್ ಇಂಡಿಯಾ’ ಹೊಸಬರನ್ನೂ ಹವ್ಯಾಸಿಗಳನ್ನೂ ಹಾಡಿಸಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಅಲ್ಲಿಯವರೆಗೆ ಇಲ್ಲಿಯವರಿಗೆ ಪಟ್ಟಣವೆಂದರೆ ಮುಂಬಯಿಯೇ.

ಹಾಡಿಗೆ ಮಾತ್ರ ಗಡಿ ಇರಲಿಲ್ಲ. ಕಾಗವಾಡದ ನೆರೆಯ ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಕೃತಿಯನ್ನೂ ತಟ್ಟೆಗೆ ಹಾಡಿದರು. 1937ರಲ್ಲಿ ತೀರಿಕೊಂಡ ಅವರು ಮಿರಜದ ದರ್ಗಾದ ಆವರಣದಲ್ಲೇ ಮಣ್ಣಾಗಿದ್ದಾರೆ.

ಉಸ್ತಾದರ ತಟ್ಟೆಗಳನ್ನು ಕಾಯುವವರಿದ್ದಾರೆ. ಹೆಸರಿಲ್ಲದವರದು ಹಾಗಲ್ಲ. ಶಾಲೆಯೋ ಚರ್ಚೋ ಭಜನಾ ಮೇಳವೋ ತನ್ನ ಖರ್ಚಿನಲ್ಲಿ ಕೆಲವೇ ಪ್ರತಿ ಒತ್ತಿಸಿದ್ದರೆ, ಅದು ಎರಡನೆಯ ಸಲ ಒತ್ತಾಗುವುದಿಲ್ಲ. ಹಳೆಯ ತಟ್ಟೆ ಬಳೆಗಾರನ ಅರಗಿನಿಂದಲೇ ಆದದ್ದು; ಕೈ ಜಾರಿದರೆ ಚೂರು. ಲೇಬಲ್ ಹರಿದರೂ ಅದರ ಅಂಚಿನಲ್ಲಿ ಕೊರೆದ ಸಂಖ್ಯೆ ಉಳಿಯುತ್ತದೆ. ಅದನ್ನು ಬರೆದಿಡೋಣ. ಹಾಡಿದವರು ಯಾರೆಂದು ಮನೆಯ ಹಿರಿಯರನ್ನು ಈಗಲೇ ಕೇಳೋಣ. ಗೌಹರ್ ಜಾನಳಂತೆ ತಮ್ಮ ಹೆಸರನ್ನು ತಾವೇ ಹೇಳಿಟ್ಟವರು ಕಡಿಮೆ. ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಇಷ್ಟಾದರೂ ಆಗಬೇಕು.