ಕಿಸೆಯ ಫೋನಿನ ಕನ್ನಡವೂ ವಾರಂಟಿಯ ಚೀಟಿಯೂ

ಜಮಖಂಡಿ, ಮುಧೋಳ ಸಂಸ್ಥಾನಗಳ ಬಗ್ಗೆ ಬರೆಯಿರೆಂದು ಹಲವರು ಕೇಳುತ್ತಿರುತ್ತೀರಿ. ಈ ಸಲ ಅರಸರನ್ನು ಬದಿಗಿರಿಸಿ, ನಮ್ಮೆಲ್ಲರ ಕಿಸೆಯಲ್ಲಿರುವ ಮೊಬೈಲಿನ ಇತಿಹಾಸದ ಒಂದು ಪುಟ್ಟ ಅಧ್ಯಾಯವನ್ನು ಬರೆಯುತ್ತಿದ್ದೇನೆ. ಫೋನಿನೊಳಗಿನ ಮೂಲ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು ಬದಲಿಸಿದವನಿಗೆ ವಾರಂಟಿಯ ಹಕ್ಕು ಉಳಿಯುತ್ತದೆಯೆ ಎಂಬುದೇ ಇಲ್ಲಿಯ ವಿಚಾರ.

ರಬಕವಿ-ಬನಹಟ್ಟಿಯವರಿಗೆ ಫರ್ಮ್‌ವೇರ್ ಎಂದರೇನೆಂದು ತಿಳಿಸುವುದು ಸುಲಭ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರೀ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಸಾಧನ ಇಂದಿಗೂ ಮಗ್ಗಗಳ ಮೇಲಿದೆ. ರಂಧ್ರ ಕೊರೆದ ರಟ್ಟಿನ ಪಟ್ಟಿಗಳು ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ನಿರ್ಧರಿಸುತ್ತವೆ. ಪಟ್ಟಿ ಬದಲಿಸಿದರೆ ಸೀರೆಯ ಸೆರಗು ಬದಲಾಗುತ್ತದೆ. ಮಗ್ಗ ಅದೇ ಇರುತ್ತದೆ. ಪಟ್ಟಿ ಬದಲಿಸಲು ನೇಕಾರನು ಮಗ್ಗ ಮಾಡಿದವನ ಅಪ್ಪಣೆ ಕೇಳುವುದಿಲ್ಲ. ಮೊಬೈಲಿನಲ್ಲಿ ಮಾತ್ರ, ಹಣ ಕೊಟ್ಟು ಕೊಂಡ ಮೇಲೂ ಪಟ್ಟಿಯ ಮೇಲಿನ ಯಜಮಾನಿಕೆ ತಯಾರಕನದೇ ಆಗಿ ಉಳಿಯಿತು.

ನಮ್ಮ ದೇಶದಲ್ಲಿ ಸರಕಾರದ ಆದೇಶದಿಂದಲೇ ಜನರು ಫೋನಿಗೆ ಹೊಸ ಸಂಖ್ಯೆ ಬರೆಸಿಕೊಂಡ ಪ್ರಸಂಗವೂ ಒಂದಿದೆ. ಪ್ರತಿಯೊಂದು ಫೋನಿಗೂ ಐಎಂಇಐ ಎಂಬ 15 ಅಂಕಿಗಳ ಗುರುತು ಇರಬೇಕು. ಅಗ್ಗದ ಚೀನಾ ಫೋನುಗಳಲ್ಲಿ ಅನೇಕಕ್ಕೆ ಅದು ಇರಲಿಲ್ಲ. 2008ರ ಮುಂಬೈ ದಾಳಿಯ ತರುವಾಯ ಇಂಥ ಫೋನುಗಳ ಸಂಪರ್ಕ ಕಡಿಯಲು ಆದೇಶವಾಗಿ, 2009ರ ನವೆಂಬರ್ 30 ಕೊನೆಯ ದಿನವೆಂದು ಗೊತ್ತಾಯಿತು. ಅದಕ್ಕೆ ಮುನ್ನ 199 ರೂಪಾಯಿ ತೆತ್ತು ಅಧಿಕೃತ ಕೇಂದ್ರಗಳಲ್ಲಿ ಅಸಲಿ ಸಂಖ್ಯೆಯನ್ನು ಬರೆಸಿಕೊಳ್ಳುವ ಅವಕಾಶವನ್ನು ಕೊಡಲಾಗಿತ್ತು. ಇಂದು ಆ ಸಂಖ್ಯೆಯನ್ನು ತಿದ್ದುವುದು ಅಪರಾಧ. 2017ರಲ್ಲಿ ಇದಕ್ಕೆಂದೇ ನಿಯಮಗಳು ಬಂದವು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹೀಗಾಗಿ ಫರ್ಮ್‌ವೇರ್ ಬದಲಿಸುವುದು ಬೇರೆ, ಗುರುತಿನ ಸಂಖ್ಯೆ ತಿದ್ದುವುದು ಬೇರೆ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು.

ಕನ್ನಡಿಗರು ಫೋನನ್ನು ಬಿಚ್ಚಿ ತಿದ್ದಲು ಹೊರಟದ್ದು ಹೆಚ್ಚಾಗಿ ಅಕ್ಷರಕ್ಕಾಗಿ. 2008ರಲ್ಲಿ ಆಂಡ್ರಾಯ್ಡ್ ಫೋನು ಲೋಕಕ್ಕೆ ಬಂತು. ಆದರೆ ಅದರ ವ್ಯವಸ್ಥೆಯೊಳಗೆ ಕನ್ನಡದ ಅಕ್ಷರಗಳು ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಬಹುತೇಕ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳ ಸಾಲು ಕಾಣುತ್ತಿತ್ತು. ಕೆಲವರು ಒಪೆರಾ ಮಿನಿಯಲ್ಲಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದಿದರು. ಉಳಿದವರು ಫೋನನ್ನು ‘ರೂಟ್’ ಮಾಡಿಸಿ ಕನ್ನಡದ ಫಾಂಟನ್ನು ಒಳಗೆ ಸೇರಿಸಿದರು. ಒತ್ತಕ್ಷರಗಳು ಮುರಿದು ಕಂಡರೂ ಕನ್ನಡ ಕಂಡಿತಲ್ಲ ಎಂಬ ಸಮಾಧಾನ.

ಬನಹಟ್ಟಿಯ ನೇಕಾರ ಮನೆತನದ ನನ್ನ ಶಿಷ್ಯನೊಬ್ಬ ದುಡಿಯಲು ಇಚಲಕರಂಜಿಗೆ ಹೋಗಿದ್ದ. 2011ರಲ್ಲಿ ಅಲ್ಲಿ ಕೊಂಡ ಫೋನಿಗೆ ಹೀಗೆಯೇ ಕನ್ನಡ ಹಾಕಿಸಿದ. ಏಳನೆಯ ತಿಂಗಳಲ್ಲಿ ಚಾರ್ಜರ್ ಚುಚ್ಚುವ ಪಿನ್ನು ಕೆಟ್ಟಿತು. ಸಾಫ್ಟ್‌ವೇರ್ ಬದಲಾಗಿದೆ, ಆದ್ದರಿಂದ ವಾರಂಟಿ ಇಲ್ಲವೆಂದು ಅಲ್ಲಿನ ಸರ್ವಿಸ್ ಸೆಂಟರಿನವರು ತಿರಸ್ಕರಿಸಿದರು. “ಅಕ್ಷರಕ್ಕೂ ಪಿನ್ನಿಗೂ ಏನ್ ಸಂಬಂಧರೀ ಸರ?” ಎಂದು ಅವನು ಕೇಳಿದ ಮಾತು ಕಾನೂನಿನ ತಿರುಳನ್ನೇ ಮುಟ್ಟಿತ್ತು. ಆದರೆ ಅಷ್ಟರಲ್ಲಿ ಅವನು ಊರಿಗೆ ಮರಳಿದ್ದ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎದುರುದಾರನಿರುವ ಇಲ್ಲವೆ ವ್ಯವಹಾರ ನಡೆದ ಸ್ಥಳದ ಜಿಲ್ಲಾ ವೇದಿಕೆಗೆ ದೂರು ಕೊಡಬೇಕಿತ್ತು; ಅಂದರೆ ಕೊಲ್ಹಾಪುರಕ್ಕೆ ಓಡಾಡಬೇಕಿತ್ತು. ಕೂಲಿ ಬಿಟ್ಟು ತಿರುಗುವುದಕ್ಕಿಂತ ರಿಪೇರಿಯ ಖರ್ಚೇ ಕಡಿಮೆಯೆಂದು ಸುಮ್ಮನಾದ.

ಹೊರದೇಶಗಳಲ್ಲಿಯೂ ಇದೇ ಚರ್ಚೆ ನಡೆದಿತ್ತು. ಅಮೆರಿಕದಲ್ಲಿ 2010ರ ಜುಲೈನಲ್ಲಿ ಐಫೋನಿನ ಬೀಗ ಮುರಿಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ವಿನಾಯಿತಿ ದೊರೆಯಿತು. ಆದರೆ ವಾರಂಟಿ ಹೋಗಬಹುದೆಂದು ಆಪಲ್ ಎಚ್ಚರಿಸಿತು. ಯುರೋಪಿನಲ್ಲಿ 1999ರ ನಿರ್ದೇಶನದಂತೆ ಮೊದಲ ಆರು ತಿಂಗಳಲ್ಲಿ ಕಂಡ ದೋಷವು ಮಾರಾಟದ ವೇಳೆಗೇ ಇತ್ತೆಂದು ಭಾವಿಸಲಾಗುತ್ತಿತ್ತು.

ನಮ್ಮ ಗ್ರಾಹಕ ಕಾಯ್ದೆಯಲ್ಲಿ ಫರ್ಮ್‌ವೇರಿನ ಹೆಸರಿಲ್ಲ. ಆದರೆ 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆಯು ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂದು ಹೇಳಿತು. ಜಮಖಂಡಿ, ಮುಧೋಳ, ಬೀಳಗಿಯವರಿಗೆ ಈಗ ಬಾಗಲಕೋಟೆಯ ಜಿಲ್ಲಾ ಆಯೋಗವೇ ಸಾಕು. ಐದು ಲಕ್ಷದೊಳಗಿನ ವಸ್ತುವಿಗೆ ಶುಲ್ಕವಿಲ್ಲ. ದೋಷದ ಕಾರಣ ತಿಳಿಯದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ.

ಇಷ್ಟರಿಂದ ಫೋನನ್ನು ಮನಬಂದಂತೆ ಬದಲಿಸಿರೆಂದು ನಾನು ಹೇಳುತ್ತಿಲ್ಲ. ವಾರಂಟಿಯ ಚೀಟಿಯಲ್ಲಿಯ ಷರತ್ತು ಒಂದು ಒಪ್ಪಂದ. ತಪ್ಪು ಫರ್ಮ್‌ವೇರಿನಿಂದಲೇ ಫೋನು ಸತ್ತರೆ ಅದರ ಹೊಣೆ ನಮ್ಮದೇ. ಆದರೆ ಬದಲಾವಣೆಗೂ ದೋಷಕ್ಕೂ ಸಂಬಂಧವಿಲ್ಲದಿದ್ದಾಗ ಬಾಯಿಮಾತಿನ ನಿರಾಕರಣೆಗೆ ಮರಳಿ ಬರಬೇಡಿ. ಕಾರಣವನ್ನು ಬರೆದುಕೊಡಲು ಕೇಳಿರಿ. ರಸೀದಿ, ಜಾಬ್ ಶೀಟ್ ಕಾಯ್ದಿಡಿರಿ. 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿರಿ.

ಓದಿದವರು ನಿಮ್ಮ ಅನುಭವಗಳನ್ನು ಬರೆದು ತಿಳಿಸಿರಿ.