ಮಂಡಿಯ ಅಂಗಳಕ್ಕೆ ಡಾಮರು ಬಂದ ಬಗೆ

ತಿಪಟೂರಿನಲ್ಲಿ ಯಾರೇ ಹೊಸ ಗೋಡೌನು ಕಟ್ಟಲಿ, ಕಾಯಿಪುಡಿ ಕಾರ್ಖಾನೆಗೆ ಇನ್ನೊಂದು ಶೆಡ್ಡು ಎಬ್ಬಿಸಲಿ, ಅಂಗಳದ ಮಾತು ಬರುವುದು ಕಟ್ಟಕಡೆಗೆ. ಗೋಡೆಗೆ, ಶೀಟಿಗೆ, ಯಂತ್ರಕ್ಕೆ ದುಡ್ಡು ಸುರಿದು ಕೈ ಖಾಲಿಯಾದ ಮೇಲೆ "ಒಂದ್ ಕೋಟು ಡಾಮರು ಎಳೆಸಿಬಿಡಾಣ" ಎನ್ನುತ್ತಾರೆ. ಆಗ ನನಗೆ ಫೋನು ಬರುತ್ತದೆ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ಇಂಜಿನಿಯರಲ್ಲ; ಇಂಜಿನಿಯರು ಜೀಪು ಹತ್ತಿ ಹೋದ ಮೇಲೂ ಬಿಸಿಲಲ್ಲಿ ರಸ್ತೆ ಕಾಯುತ್ತಿದ್ದವನು.

"ಸಾರ್, ಕಂಟ್ರಾಕ್ಟರ್ ಯಾರನ್ನ ಹಿಡಿಯಾಣ?" ಕೊಬ್ಬರಿ ಮಂಡಿಯವರ ಮೊದಲ ಪ್ರಶ್ನೆ ಇದೇ. ಹೆಸರು ಹೇಳುವ ಅಭ್ಯಾಸ ನನಗಿಲ್ಲ. ಅದರ ಬದಲು ಹಳೇ ಕಥೆ ಹೇಳುತ್ತೇನೆ, ಅವರು ಆಕಳಿಸುತ್ತಾರೆ. ರಸ್ತೆಯೊಳಗೆ ಹುದುಗಿ ಕಣ್ಣಿಗೆ ಬೀಳದೇ ಹೋಗುವ ಮಾಲನ್ನು ಅಳೆಯಲು ಹಿಂದಿನವರು ಏನೇನು ಉಪಾಯ ಹೂಡಿದ್ದರು ಎಂಬುದೇ ಆ ಕಥೆ.

ಮೈಸೂರು ಸೀಮೆಯಲ್ಲಿ ಲೆಕ್ಕವಿಟ್ಟು ರಸ್ತೆ ಮಾಡುವುದು ಶುರುವಾದದ್ದು ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ. 1834ರಿಂದ 1861ರವರೆಗೆ ಆತ ಇಲ್ಲಿದ್ದ. ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1856ರಲ್ಲಿ. ಅಷ್ಟು ಹೊತ್ತಿಗೆ ಸಂಸ್ಥಾನದಲ್ಲಿ ಸುಮಾರು 1600 ಮೈಲಿ ರಸ್ತೆ, ಮುನ್ನೂರಕ್ಕೂ ಮೇಲ್ಪಟ್ಟು ಸೇತುವೆ ಆಗಿದ್ದವು. ಅವು ಕಲ್ಲುಜಲ್ಲಿಯ ರಸ್ತೆಗಳು. ಸ್ಕಾಟ್ಲೆಂಡಿನ ಮೆಕಾಡಂ ಎಂಬಾತ ಹೇಳಿಕೊಟ್ಟ ಕ್ರಮ: ದುಂಡಗಲ್ಲು ಬೇಡ, ಒಡೆದ ಚೂಪುಗಲ್ಲು ಬೇಕು, ಒಂದು ಕಲ್ಲು ಆರು ಔನ್ಸಿಗಿಂತ, ಅಂದರೆ 170 ಗ್ರಾಮಿಗಿಂತ ಹೆಚ್ಚು ತೂಗಬಾರದು, ಒಂದರ ಮೂಲೆ ಇನ್ನೊಂದಕ್ಕೆ ಸಿಕ್ಕಿಕೊಂಡು ಕೂರಬೇಕು, ಕೆಳಗಿನ ನೆಲ ಒಣಗಿರಬೇಕು. ಈ ಕೊನೆಯ ಮಾತನ್ನು ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಜಲ್ಲಿ ಒಡೆಯುತ್ತಿದ್ದವರು ಹೆಚ್ಚಾಗಿ ಭೋವಿಗಳು. ಗಂಡ ಹೆಂಡತಿ ಮಕ್ಕಳು ರಸ್ತೆ ಪಕ್ಕದ ಸಾಲುಮರದಡಿ ಕೂತು ಸುತ್ತಿಗೆಯಲ್ಲಿ ಕುಟ್ಟುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗಲೂ ಆ ಸದ್ದು ಪೂರ್ತಿ ನಿಂತಿರಲಿಲ್ಲ. ಮೇಸ್ತ್ರಿಯ ಕೈಯಲ್ಲಿ ಎರಡು ಇಂಚಿನ ಕಬ್ಬಿಣದ ಉಂಗುರ. ಕಲ್ಲು ಅದರೊಳಗೆ ತೂರಬೇಕು, ತೂರದಿದ್ದರೆ ಮತ್ತೆ ಸುತ್ತಿಗೆಗೆ. ಒಡೆದದ್ದನ್ನು ರಸ್ತೆಯ ಅಂಚಿನಲ್ಲಿ ಒಂದೇ ಅಳತೆಯ ರಾಶಿಗಳಾಗಿ ಪೇರಿಸಬೇಕು. ಮೋಸ ಇಲ್ಲೇ ಹೊಕ್ಕದ್ದು. ನಡುವೆ ಒಂದು ಗುಂಡುಕಲ್ಲೋ ಮಣ್ಣಿನ ದಿಬ್ಬವೋ ಇಟ್ಟು ಅದರ ಮೇಲೆ ಜಲ್ಲಿ ಹೊದಿಸಿದರೆ ಅಳತೆಗೆ ರಾಶಿ ತುಂಬಿರುತ್ತದೆ. ಅದಕ್ಕೇ ಅಳೆಯಲು ಬಂದವರು ಮನಸ್ಸಿಗೆ ಬಂದ ಒಂದು ರಾಶಿಯನ್ನು ಕೆಡವಿ ನೋಡುತ್ತಿದ್ದರು. ಅಳೆದ ರಾಶಿಗಳ ಮೇಲೆ ಸುಣ್ಣದ ಗೀಟು, ನಾಳೆ ಅದನ್ನೇ ಮುಂದಿನ ಫರ್ಲಾಂಗಿಗೆ ಹೊತ್ತು ಇನ್ನೊಮ್ಮೆ ಬಿಲ್ಲು ಮಾಡದಿರಲೆಂದು.

ರೈಲು 1884ರಲ್ಲಿ ಗುಬ್ಬಿಗೆ ಬಂತು, 1889ರ ಹೊತ್ತಿಗೆ ಹರಿಹರ ಮುಟ್ಟಿತು. ತಿಪಟೂರು, ಬಾಣಸಂದ್ರ ಸ್ಟೇಷನ್ನುಗಳಾದವು. ತುರುವೇಕೆರೆ ಕಡೆಯ ತೋಟಗಳಿಗೂ ರೈಲಿಲ್ಲದ ಚಿಕ್ಕನಾಯಕನಹಳ್ಳಿಗೂ ಗಾಡಿಯೇ ಗತಿ. ಎತ್ತಿನ ಗಾಡಿಯ ಕಬ್ಬಿಣದ ಪಟ್ಟೆಯಷ್ಟು ಜಲ್ಲಿ ರಸ್ತೆಗೆ ಶತ್ರು ಬೇರೆ ಇಲ್ಲ. ಎರಡೇ ಜಾಡು ಹಿಡಿದು ನೂರಾರು ಗಾಡಿ ಹೋದರೆ ಎರಡು ಕಾಲುವೆ ಕೊರೆದ ಹಾಗಾಗುತ್ತಿತ್ತು. ಟೈರು ಗಾಡಿ ಬಂದ ಮೇಲೆ ಆ ಕಾಟ ತಪ್ಪಿ ಇನ್ನೊಂದು ಅಂಟಿಕೊಂಡಿತು: ಮೋಟಾರು ಓಡಿದಾಗ ಜಲ್ಲಿಯ ನಡುವಿನ ಪುಡಿ ಧೂಳಾಗಿ ಹಾರಿ ಕಲ್ಲು ಸಡಿಲವಾಗುವುದು.

ಲೋಕದಲ್ಲಿ ಡಾಮರು ರಸ್ತೆಗೆ ಇಳಿದದ್ದು ಬಹುಮಟ್ಟಿಗೆ ಈ ಧೂಳು ಕಟ್ಟಲೆಂದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆಯ ಸರ್ವೇಯರ್ ಹೂಲಿ 1901ರ ಸುಮಾರಿನಲ್ಲಿ ಟಾರು ಚೆಲ್ಲಿದ ಜಾಗದಲ್ಲಿ ಧೂಳೇಳದ್ದನ್ನು ಕಂಡು ಅದನ್ನೇ ವಿದ್ಯೆ ಮಾಡಿಕೊಂಡ. ನಮ್ಮ ದೇಶದಲ್ಲಿ 1927ರ ಜಯಕರ್ ಸಮಿತಿ ರಸ್ತೆಗೆ ದುಡ್ಡೆಲ್ಲಿಂದ ಎಂದು ಯೋಚಿಸಿತು. ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚು ಸುಂಕ ಹಾಕಿ 1929ರಲ್ಲಿ ರಸ್ತೆ ನಿಧಿ ಮಾಡಿದರು. 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಆಯಿತು, ಅದರ ಕೋಡ್ ಪುಸ್ತಕಗಳೇ ಇವತ್ತಿಗೂ ನಮ್ಮ ಇಲಾಖೆಯ ಶಾಸ್ತ್ರ.

ನಮ್ಮ ಹಳ್ಳಿಗಳಿಗೆ ಕಪ್ಪು ರಸ್ತೆ ಬಂದದ್ದು ತೀರಾ ತಡವಾಗಿ. ಡಾಮರು ಡ್ರಮ್ಮಿನಲ್ಲಿ ಬರುತ್ತಿತ್ತು, ಒಂದೊಂದರಲ್ಲಿ ಒಂದೂವರೆ ಕ್ವಿಂಟಲಿನಷ್ಟು. ರಸ್ತೆ ಬದಿಯಲ್ಲೇ ಒಲೆ ಹೂಡಿ ಕಾಯಿಸುವುದು. ಸೌದೆ ಸಾಲದಿದ್ದರೆ ತೆಂಗಿನ ಎಡೆಮಟ್ಟೆ, ಚಿಪ್ಪು, ಕೈಗೆ ಸಿಕ್ಕಿದ್ದು. ಕಾಲಿಗೆ ಗೋಣಿತಾಟು ಸುತ್ತಿಕೊಂಡ ಹೆಂಗಸರು ಬಾಂಡ್ಲಿಯಲ್ಲಿ ಬಿಸಿ ಜಲ್ಲಿ ಹೊತ್ತು ಓಡುತ್ತಿದ್ದರು. ಆ ಕೆಲಸ ಕಂಡವರು ಡಾಮರಿನ ವಾಸನೆಯನ್ನು ಹೊಸ ರಸ್ತೆಯ ಸಂತೋಷ ಎಂದು ಬರೆಯುವುದಿಲ್ಲ. ಬೆಂಕಿಯ ಝಳಕ್ಕೆ ಎಷ್ಟೋ ಹುಣಸೆ, ಹೊಂಗೆ ಒಂದು ಮಗ್ಗುಲು ಸುಟ್ಟು ಒಣಗಿದವು.

ಡಾಮರು ಎಷ್ಟು ಬಿತ್ತು ಎಂದು ಹಾಕಿದ ಮೇಲೆ ಹೇಳುವುದು ಹೇಗೆ? ಖಾಲಿ ಡ್ರಮ್ಮು ಎಣಿಸುವುದು. ಈ ಮೈಲಿಗೆ ಇಷ್ಟು ಡ್ರಮ್ಮು ಎಂದು ಲೆಕ್ಕ. ಸಂಜೆ ಅಷ್ಟು ಖಾಲಿ ಡ್ರಮ್ಮು ತೋರಿಸಬೇಕು. ಕೆಲವು ಕಂಟ್ರಾಕ್ಟರುಗಳು ಖಾಲಿ ಡ್ರಮ್ಮನ್ನೇ ಬಾಡಿಗೆಗೆ ತಂದು ನಿಲ್ಲಿಸುತ್ತಿದ್ದರು. ಎಣಿಕೆ ಮುಗಿದ ಡ್ರಮ್ಮುಗಳು ಬಿಚ್ಚಿಕೊಂಡು ಊರು ಸೇರುತ್ತಿದ್ದವು, ಬಚ್ಚಲಿಗೆ ಮರೆಯಾಗಿ, ಕೊಟ್ಟಿಗೆಗೆ ಬಾಗಿಲಾಗಿ.

ಒಂದು ಅಡ್ಡಮಾತು. ಡಾಮರು ಬಂದ ಮೇಲೆ ನಮ್ಮ ರೈತರು ಅದಕ್ಕೆ ಕಂಡುಕೊಂಡ ಉಪಯೋಗ ಯಾವ ಕೋಡ್ ಪುಸ್ತಕದಲ್ಲೂ ಇಲ್ಲ. ಸಗಣಿ ಬಳಿದು ಕಣ ಮಾಡುವ ತಾಪತ್ರಯ ಬಿಟ್ಟು ರಾಗಿ, ಹುರುಳಿ ತಂದು ರಸ್ತೆಗೇ ಹರವಿದರು. ಬಸ್ಸು ಲಾರಿಗಳೇ ರೋಣುಗಲ್ಲು. ಬೈಕಿನವರು ಜಾರಿ ಬಿದ್ದು ಪ್ರಾಣ ಕಳೆದುಕೊಂಡದ್ದೂ ಉಂಟು, ಪೊಲೀಸರು ಬೋರ್ಡು ಹಾಕಿದ್ದೂ ಉಂಟು. ಹುರುಳಿ ಸುಗ್ಗಿಯಲ್ಲಿ ಒಮ್ಮೆ ತುರುವೇಕೆರೆ ಕಡೆ ಹೋಗಿ ನೋಡಿ, ನಿಂತಿದೆಯೇ ಎಂದು.

1999ರ ಪಾರದರ್ಶಕತೆ ಕಾಯ್ದೆ ಬಂದ ಮೇಲೆ ಟೆಂಡರಿನ ಶಿಸ್ತು ಬಿಗಿಯಾಯಿತು. ಬೆಲೆ ಪೈಪೋಟಿ ಕಾಗದದ ಮೇಲೆ ಶುದ್ಧ. ಆದರೆ ಎಸ್ಟಿಮೇಟಿಗಿಂತ ತೀರಾ ಕಡಿಮೆ ಕೂಗಿದವನು ಆ ವ್ಯತ್ಯಾಸವನ್ನು ಕೊನೆಗೆ ಜಲ್ಲಿಯ ದಪ್ಪದಲ್ಲೋ ಡಾಮರಿನ ಪಾಕದಲ್ಲೋ ಹಿಡಿಯುತ್ತಾನೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇನ್ನೊಂದು ಕ್ರಮ. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದವನೇ ಐದು ವರ್ಷ ಅದರ ನಿರ್ವಹಣೆಯನ್ನೂ ಮಾಡಬೇಕು ಎಂದು ಕರಾರಿನಲ್ಲೇ ಬರೆದರು. ನಾಳೆ ತಾನೇ ಬಂದು ಗುಂಡಿ ಮುಚ್ಚಬೇಕೆಂದು ಗೊತ್ತಿರುವವನ ಕೈ ಬೇರೆ ಥರ ಓಡುತ್ತದೆ.

ಭಾರದ ವಿಷಯ ನಮಗೆ ಕಲಿಸಿದ್ದು ಅದಿರು. ಚಿಕ್ಕನಾಯಕನಹಳ್ಳಿ ಗುಡ್ಡಗಳಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿದ ಕಾಲದಲ್ಲಿ ರಸ್ತೆ ಹಪ್ಪಳದಂತೆ ಮುರಿಯಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 60ರವರೆಗೆ ಲಾರಿ ಓಡಿಸಿ ಓಡಿಸಿ ಕಂಡುಕೊಂಡ ಲೆಕ್ಕವೊಂದಿದೆ: ಅಚ್ಚಿನ ಮೇಲಿನ ಭಾರ ಏರಿದರೆ ರಸ್ತೆಗೆ ಆಗುವ ಪೆಟ್ಟು ಅದರ ನಾಲ್ಕನೇ ಘಾತದಂತೆ ಏರುತ್ತದೆ. ಒಂದೂವರೆ ಪಟ್ಟು ಹೇರಿದರೆ ಐದು ಪಟ್ಟು ಹಾಳು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ತಡೆಯನ್ನು ತುಮಕೂರು ಜಿಲ್ಲೆಗೂ ವಿಸ್ತರಿಸಿದ ಮೇಲೆ ಲಾರಿ ನಿಂತವು. ಈಗ ಆ ದಾರಿ 150ಎ ನಂಬರಿನ ರಾಷ್ಟ್ರೀಯ ಹೆದ್ದಾರಿ, ಹುಳಿಯಾರಿನಿಂದ ಕೆ.ಬಿ. ಕ್ರಾಸ್ ಹಾಯ್ದು ತುರುವೇಕೆರೆ, ನಾಗಮಂಗಲಕ್ಕೆ ಇಳಿಯುತ್ತದೆ. ಬೆಂಗಳೂರು-ಹೊನ್ನಾವರದ ಬಿ.ಎಚ್. ರಸ್ತೆಯ ನಂಬರು ಬದಲಾದರೂ ನಮ್ಮವರ ಬಾಯಲ್ಲಿ ಅದಿನ್ನೂ 206.

ಇಷ್ಟು ಹೇಳುವ ಹೊತ್ತಿಗೆ ಮಂಡಿಯವರು ಕಾಫಿ ತರಿಸಿರುತ್ತಾರೆ. "ಅದೆಲ್ಲ ಸರ್ಕಾರಿ ರೋಡಿನ ಮಾತಾಯ್ತಲ್ಲ, ನಮ್ದು ಬರೀ ಅಂಗಳ" ಎನ್ನುತ್ತಾರೆ. ಅಂಗಳ ರಸ್ತೆಗಿಂತ ಕಷ್ಟದ್ದು. ರಸ್ತೆಯಲ್ಲಿ ಲಾರಿ ಓಡಿಹೋಗುತ್ತದೆ, ಅಂಗಳದಲ್ಲಿ ನಿಲ್ಲುತ್ತದೆ. ಉತ್ತರ ದೇಶಕ್ಕೆ ಕೊಬ್ಬರಿ ಹೇರಿದ ಲಾರಿ ಏಪ್ರಿಲ್ ಬಿಸಿಲಲ್ಲಿ ಒಂದೇ ಕಡೆ ಇಡೀ ದಿನ ನಿಂತರೆ ಚಕ್ರದಡಿ ಡಾಮರು ತಗ್ಗುತ್ತದೆ. ಡ್ರೈವರು ನಿಂತಲ್ಲೇ ಸ್ಟೇರಿಂಗು ತಿರುಗಿಸಿದರೆ ತೆಳು ಪದರ ಕಿತ್ತುಬರುತ್ತದೆ. ಡೀಸೆಲ್ ಸೋರಿದ ಕಡೆ ಡಾಮರು ಕರಗುತ್ತದೆ. ಪೆಟ್ರೋಲ್ ಬಂಕಿನವರು ಪಂಪಿನ ಸುತ್ತ ಕಾಂಕ್ರೀಟು ಹಾಕಿಸುವುದು ಸುಮ್ಮನೆ ಅಲ್ಲ.

ಇದರ ಜೊತೆಗೆ ನಮ್ಮ ನೆಲದ್ದೇ ಒಂದು ಕಾಯಿಲೆ ಇದೆ. ಇಲ್ಲಿನ ಅಂಗಳಗಳು ಬಹುಪಾಲು ನಿನ್ನೆಯ ತೋಟಗಳು. ಮರ ಉರುಳಿಸುತ್ತಾರೆ, ಬುಡ ಕೀಳುವುದಿಲ್ಲ. ಮೇಲೆ ಮಣ್ಣೆಳೆದು ಜೆಸಿಬಿಯಲ್ಲಿ ಸಮ ಮಾಡಿಬಿಡುತ್ತಾರೆ. ತಲೆಮಾರುಗಳಿಂದ ಕೆರೆಗೋಡು ಹೊಡೆದ ಆ ಮಣ್ಣು ತೆಂಗಿಗೆ ಅಮೃತ, ಲಾರಿಗೆ ಕೆಸರು. ಒಳಗಿನ ಬುಡ ಕೊಳೆತಂತೆ ಮೇಲೆ ದುಂಡಗೆ ಬಟ್ಟಲು ಬೀಳುತ್ತದೆ. ಹಳ್ಳಗಳ ನಡುವೆ ಅಳೆದು ನೋಡಿ, ತೋಟದ ಸಾಲಿನ ಅಂತರವೇ ಸಿಗುತ್ತದೆ. ಕಾಯಿಪುಡಿ ಕಾರ್ಖಾನೆಯಾದರೆ ಒಡೆದ ಕಾಯಿಯ ನೀರು, ತೊಳೆದ ನೀರು ದಿನವೂ ಹರಿಯುತ್ತದೆ. ಚರಂಡಿ ಇಲ್ಲದಿದ್ದರೆ ಆ ನೀರು ಜಲ್ಲಿಯೊಳಗೆ ಇಳಿದು ಕೂರುತ್ತದೆ.

ಹಾಗಾಗಿ ಕಂಟ್ರಾಕ್ಟರ್ ಬಂದಾಗ ನಾನು ಸುಮ್ಮನೆ ಅವನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡುತ್ತೇನೆ. ಟೇಪು ಹಿಡಿದು ಉದ್ದ ಅಗಲ ಅಳೆದು "ಚದರಡಿಗೆ ಇಷ್ಟು" ಎಂದವನು ಬೇಡ. ನೀರು ಯಾವ ಕಡೆ ಹೋಗುತ್ತದೆ, ಮೊದಲು ಇಲ್ಲಿ ಏನಿತ್ತು, ಎಷ್ಟು ಟನ್ನಿನ ಗಾಡಿ ಬರುತ್ತದೆ ಎಂದು ಕೇಳಿದವನನ್ನು ಕೂರಿಸಿ ಮಾತಾಡಬಹುದು. ಗರಸು ಎಷ್ಟು, ಜಲ್ಲಿ ಎಷ್ಟು ಎಂದು ಪದರ ಪದರವಾಗಿ ಬರೆದುಕೊಡಲಿ. ಡಾಮರಿನ ದಪ್ಪ ಹೇಳುವಾಗ ರೋಲರ್ ಓಡುವ ಮೊದಲಿನದೋ ಓಡಿದ ಮೇಲಿನದೋ ಎಂದು ಬರೆಯಲಿ. ಎರಡೂವರೆ ಇಂಚು ಹರವಿದ್ದು ತುಳಿದ ಮೇಲೆ ಎರಡಾಗುತ್ತದೆ, ಜಗಳವೆಲ್ಲ ಆ ಅರ್ಧ ಇಂಚಿನದೇ. ಪ್ಲಾಂಟಿನಲ್ಲಿ ಮಿಶ್ರಣ 150-160 ಡಿಗ್ರಿಯಲ್ಲಿ ಹೊರಡುತ್ತದೆ. ದೂರದ ಪ್ಲಾಂಟಿನಿಂದ ಟಾರ್ಪಾಲಿಲ್ಲದೆ ಬಂದ ಟಿಪ್ಪರು ಆರಿದ ಮಾಲು ಸುರಿದರೆ ಯಾವ ರೋಲರೂ ಅದನ್ನು ಕೂರಿಸಲಾರದು. ಮಾರ್ಚ್ ಕೊನೆಯಲ್ಲಿ ಸರ್ಕಾರಿ ಬಿಲ್ಲಿನ ಅವಸರವಿರುತ್ತದೆ, ಆಗ ಒಳ್ಳೆ ಕಂಟ್ರಾಕ್ಟರನೂ ನಿಮ್ಮ ಅಂಗಳಕ್ಕೆ ಒಳ್ಳೆಯವನಲ್ಲ.

ನನಗೆ ಸೋಜಿಗವಾಗುವುದು ಮಂಡಿಯವರ ಕುರಿತೇ. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಉಂಡೆ ಬಿಟ್ಟಿದೆಯೋ ಇಲ್ಲವೋ ಹೇಳುವ ಜನ. ಚೀಲದ ತಳದಿಂದ ಕೊಬ್ಬರಿ ತೆಗೆಸಿ ಹಸಿ ನೋಡುವವರು. ಅದೇ ಯಜಮಾನರು ಡಾಮರಿನ ವಿಷಯಕ್ಕೆ "ಅವ್ನು ನಮ್ಮೋನೇ ಬಿಡಿ ಸಾರ್" ಎಂದು ಕೈಚೆಲ್ಲುತ್ತಾರೆ. ತಮ್ಮದೇ ವೇಬ್ರಿಡ್ಜು ಇದ್ದರೂ ಟಿಪ್ಪರನ್ನು ಅದರ ಮೇಲೆ ಹತ್ತಿಸುವುದಿಲ್ಲ. ಲೆಕ್ಕ ಸುಲಭ: ಸಾವಿರ ಚದರಡಿಗೆ ತುಳಿದ ಎರಡು ಇಂಚು ಬೇಕಾದರೆ ಹತ್ತೂವರೆಯಿಂದ ಹನ್ನೊಂದು ಟನ್ನು ಮಾಲು ಬೀಳಲೇಬೇಕು. ತೂಕದ ಚೀಟಿ ಕೂಡಿಸಿದರೆ ಮುಗಿಯಿತು. ಉಂಗುರ, ಸುಣ್ಣದ ಗೀಟು, ಖಾಲಿ ಡ್ರಮ್ಮಿನ ಕೆಲಸವನ್ನು ಈಗ ಆ ಚೀಟಿ ಮಾಡುತ್ತದೆ.

ಈಚೆಗೆ ಕಾಂಕ್ರೀಟಿನ ಕಡೆ, ಇಂಟರ್‌ಲಾಕ್ ಕಡೆ ವಾಲುವವರು ಹೆಚ್ಚುತ್ತಿದ್ದಾರೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲೇ ಸಿಮೆಂಟು ಕಾರ್ಖಾನೆ ಇಟ್ಟುಕೊಂಡು ನಾವು ಇಷ್ಟು ವರ್ಷ ಡಾಮರಿಗೇ ಜೋತುಬಿದ್ದದ್ದು ವಿಚಿತ್ರವೇ. ಲಾರಿ ನಿಲ್ಲುವ, ಹೊರಳುವ ಜಾಗಕ್ಕೆ ಕಾಂಕ್ರೀಟು, ಉಳಿದ ಓಡಾಟಕ್ಕೆ ಡಾಮರು ಎಂಬುದು ನನ್ನ ಸಲಹೆ. ಕಾಂಕ್ರೀಟಾದರೂ ಕೆಳಗಿನ ಬುಡ ಕಿತ್ತಿರಲೇಬೇಕು.

ಹಣದ ವಿಷಯಕ್ಕೆ ಒಂದೇ ಷರತ್ತು ಹಾಕಿಸುತ್ತೇನೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಬೇಸಿಗೆಯಲ್ಲಿ ಕೆಲಸ ಮುಗಿದರೂ ಹತ್ತನೇ ಒಂದು ಪಾಲು ಹಣ ದೀಪಾವಳಿ ಕಳೆದ ಮೇಲೆ. ಹೋದ ವರ್ಷ ಒಂದು ಗೋಡೌನಿನ ಅಂಗಳಕ್ಕೆ ಮೂವರು ಕಂಟ್ರಾಕ್ಟರುಗಳು ಬಂದಿದ್ದರು. ಈ ಮಾತು ಕೇಳುತ್ತಲೇ ಒಬ್ಬ ಎದ್ದು ಹೋದ, ಇನ್ನೊಬ್ಬ "ಆಗಲಿ" ಎಂದು ರೇಟು ಏರಿಸಿದ. ಮೂರನೆಯವನು ಗೋಡೆ ಮಗ್ಗುಲಲ್ಲಿ ಚರಂಡಿ ತೆಗೆಸಿಕೊಟ್ಟರೆ ಮಾತ್ರ ಒಪ್ಪುತ್ತೇನೆ ಎಂದ. ಯಜಮಾನರು ಗೊಣಗುತ್ತಲೇ ಚರಂಡಿ ತೆಗೆಸಿದರು, ಕೆಲಸ ಅವನಿಗೇ ಹೋಯಿತು.